ಸಾಹೇಬನ ಗುಲಾಬಿ, ಅವ್ವನ ಹೀರೆಬಳ್ಳಿ

"ನೀರು ಕದ್ದಾಳ ಇಕಿ! ಕಿತ್ತು ಒಗಿಯಲೇ ಆ ಬಳ್ಳಿ!" ನಮ್ಮ ಹಿತ್ತಲಲ್ಲಿ ನಿಂತು ಕಂದಾಯ ಇಲಾಖೆಯ ಗಿರ್ದಾವರ ಸಾಹೇಬ ತನ್ನ ಜವಾನನಿಗೆ ಅರಚಿದ. ಆಗ ಮಸ್ಕಿಯಲ್ಲಿ ನಿಜಾಮರ ಆಳ್ವಿಕೆ. ಸಾಹೇಬನ ಬಂಗಲೆಯ ಗುಲಾಬಿಗೆ ಅವ್ವ ಬಿಟ್ಟಿಯಾಗಿ ನೀರು ಹೊರಬೇಕಿತ್ತು, ಅದೂ ಮಟಮಟ ಮಧ್ಯಾಹ್ನವೇ.

"ಕಾದ ಮಣ್ಣಿಗೆ ನೀರು ಬಿದ್ರ ಬೇರು ಬೇಯ್ತಾವ್ರಿ, ಹೊತ್ತು ಮುಳುಗಿದ ಮ್ಯಾಲೆ ಹಾಕ್ತೀನ್ರಿ" ಎಂದು ಅವಳು ಅಂಗಲಾಚಿದ್ದಳು. ಆತ ಕೇಳಲಿಲ್ಲ. ಗುಲಾಬಿ ಸುಟ್ಟುಹೋಯಿತು. ದಿನಾ ಸಂಜೆ ಪಾತ್ರೆ ತೊಳೆದ ನೀರು ಕುಡಿದ ನಮ್ಮ ಹೀರೆಬಳ್ಳಿ ಮಾತ್ರ ಹಸಿರಾಗಿತ್ತು. ಅದೇ ಅವಳ ಅಪರಾಧ! ಜವಾನ ಬಳ್ಳಿಯನ್ನು ಬೇರುಸಹಿತ ಕಿತ್ತ.

ಬೀಜಕ್ಕೆಂದು ಅವ್ವ ಮೊದಲೇ ಸೂರಿಗೆ ಕಟ್ಟಿದ್ದ ಒಂದು ಕಾಯಿಯ ತಳಿ ಇಂದಿಗೂ ನನ್ನ ಹಿತ್ತಲಲ್ಲಿ ಹಬ್ಬುತ್ತಿದೆ. ಗುಲಾಬಿ ನೆಡು ಎಂದು ಮೊಮ್ಮಕ್ಕಳು ಕಾಡುತ್ತಾರೆ. ನನ್ನ ಕೈ ಏಳುವುದಿಲ್ಲ.