ಮುನಿಕೆಂಪಮ್ಮನ ಮೊದಲ ದೋಸೆ

ಯಲಹಂಕದ ಪುಟ್ಟೇನಹಳ್ಳಿ ಕೆರೆಯ ದಾರಿಯಲ್ಲಿ ದೋಸೆಗಾಡಿ ಇಟ್ಟುಕೊಂಡಿದ್ದ ಮುನಿಕೆಂಪಮ್ಮನವರು ಮೊದಲ ದೋಸೆಯನ್ನು ಯಾವತ್ತೂ ಗಿರಾಕಿಗೆ ಕೊಟ್ಟವರಲ್ಲ. ಹೆಂಚು ಇನ್ನೂ ಹದಕ್ಕೆ ಬಂದಿರುವುದಿಲ್ಲ, ಕಿತ್ತುಬರುತ್ತದೆ ಎಂದು ಅದನ್ನು ತೆಗೆದು ಪಕ್ಕಕ್ಕಿಡುವರು. ಇಂಥ ಅಚ್ಚುಕಟ್ಟಿನ ಹೆಂಗಸಿಗೇ ಕೆಮ್ಮು ಗಂಟುಬೀಳಬೇಕೆ? ಚಿಕ್ಕಂದಿನಲ್ಲಿ ಬಂದುಹೋದ ಕ್ಷಯ ಶ್ವಾಸಕೋಶವನ್ನು ಹಾಳುಮಾಡಿತ್ತು. ಅಲ್ಲಿ ಬೇರೆ ಕ್ರಿಮಿಗಳು ಮನೆಮಾಡಿಕೊಂಡು ದಿನವೂ ಹಸಿರು ಕಫ. ಟಿ.ಬಿ. ತಿರುಗಿ ಬಂದಿದೆ ಎಂದು ಯಾರೋ ಗುಲ್ಲೆಬ್ಬಿಸಿದರು. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು, ಗಾಡಿ ಮನೆ ಮುಂದೆ ತುಕ್ಕು ಹಿಡಿಯಿತು.

ಅವರು ೨೦೧೭ರಲ್ಲಿ ಹೆಬ್ಬಾಳದ ನಮ್ಮ ಆಸ್ಪತ್ರೆಗೆ ಸೇರಿದಾಗ ನಾನು ಆ ವಾರ್ಡಿನ ನರ್ಸು. ಡಾಕ್ಟರ್ ಶಶಿರೇಖಾ ಅಲ್ಲಿ ಹೊಸ ಚಿಕಿತ್ಸೆಯೊಂದನ್ನು ಪರೀಕ್ಷೆ ಮಾಡುತ್ತಿದ್ದರು.

"ಕ್ರಿಮಿಗಳು ಲೋಳೆ ಹೊದ್ಕೊಂಡು ಕೂತಿವೆ ಅಮ್ಮ, ಔಷಧಿ ತಾಗ್ತಿಲ್ಲ," ಎಂದರು ಡಾಕ್ಟರು. "ನೈಟ್ರಿಕ್ ಆಕ್ಸೈಡ್ ಅಂತ ಒಂದು ಗ್ಯಾಸು, ಒಂಚೂರು ಉಸಿರಲ್ಲಿ ಕೊಡ್ತೀವಿ. ಲೋಳೆ ಬಿಟ್ಕೊಂಡ್ರೆ ಔಷಧಿ ಒಳಗೆ ಹೋಗ್ಬೋದು. ಆಗುತ್ತೋ ಇಲ್ವೋ, ಅದನ್ನೇ ನೋಡ್ತಿರೋದು."

"ದೋಸೆ ಇಟ್ಟಿನ ಪಾತ್ರೆ ತಳ ಇದ್ದಂಗೆ," ಎಂದರು ಮುನಿಕೆಂಪಮ್ಮ. "ನೆನೆಸ್ದೆ ಉಜ್ಜುದ್ರೆ ಓಗಲ್ಲ. ಆಗ್ಲಿ ಡಾಕ್ಟ್ರಮ್ಮ. ಕೆಮ್ತಿದ್ರೆ ಟಿ.ಬಿ. ಅಲ್ಲ ಅಂದ್ರೂ ಯಾರೂ ನಂಬಲ್ಲ, ವಾಸಿಯಾದ್ರೆ ವಾಸಿಯಾಯ್ತು ಅಂತ ಒಂದು ಚೀಟಿ ಬರ್ಕೊಡಿ. ಗಾಡಿಗೆ ನೇತಾಕ್ತೀನಿ. ನೋಡ್ದೋರು ತಿರ್ಗಾ ಬತ್ತಾರೆ."

ಅವರಿಗೆ ಬೇಕಾಗಿದ್ದು ಆ ಚೀಟಿಯೊಂದೇ. ಮಾಸ್ಕು ಹಾಕಿಕೊಂಡು ಗ್ಯಾಸು ಎಳೆದರು, ಔಷಧಿ ತೆಗೆದುಕೊಂಡರು, ಒಂದು ದಿನವೂ ಗೊಣಗಲಿಲ್ಲ. ಕೊನೆಗೆ ಕಫದ ಪರೀಕ್ಷೆಯಾಯಿತು. ಕ್ರಿಮಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ! ಡಾಕ್ಟರು ಹಿಗ್ಗಿಹೋಗಿ ಚೀಟಿ ಬರೆದುಕೊಟ್ಟರು.

ಅದನ್ನು ಕೈಯಲ್ಲಿ ಹಿಡಿದು ಕೂತಿದ್ದಾಗಲೇ ಅದೇ ಗ್ಯಾಸು ತೆಗೆದುಕೊಳ್ಳುತ್ತಿದ್ದ ಪಕ್ಕದ ವಾರ್ಡಿನ ಜಹೀರ್ ತಮ್ಮ ಸರದಿಯ ಕಫ ಕೊಡಲು ಬಂದರು. ಅವರ ಡಬ್ಬಿಯಲ್ಲಿದ್ದ ಹಸಿರು ಗಂಟನ್ನು ಮುನಿಕೆಂಪಮ್ಮ ಬಿಟ್ಟ ಕಣ್ಣು ಬಿಟ್ಟಂತೆ ನೋಡಿ, ನನ್ನ ಕಡೆ ತಿರುಗಿದರು.

"ಅದ್ನೆಲ್ಲ ಅಂಗಂಗೇ ಕೊಡ್ಬೇಕಾ ಮಗಾ?"

"ಮತ್ತೇನು, ಸೋಸಿ ಕೊಡ್ತಾರಾ?" ಎಂದು ರೇಗಿದೆ. ಕೆಲಸದ ಹೊತ್ತಿನಲ್ಲಿ ನನ್ನ ಬಾಯಿ ಅಷ್ಟು ಒಳ್ಳೆಯದಲ್ಲ.

ಅವರು ಚೀಟಿ ಹಿಡಿದುಕೊಂಡೇ ಎದ್ದು ನೆಟ್ಟಗೆ ಡಾಕ್ಟರ ಕೋಣೆಗೆ ಹೋದರು. ಏನೋ ಆಯಿತೆಂದು ನಾನೂ ಹಿಂದೆಯೇ ಓಡಿದೆ.

"ಡಾಕ್ಟ್ರಮ್ಮ, ಸೇರಿದ್ ದಿನ ತಡ್ಕಣಕಾಗ್ದೆ ಬಂದಿದ್ದೇ ಕೊಟ್ಟಿದ್ದೆ. ಈ ಸತಿ ಮೊದ್ಲು ಬಂದ ಗಂಟ್ನ ಬಚ್ಚಲಿಗೆ ಉಗ್ದು, ಆಮೇಲೆ ತೆಳ್ಳಗೆ ಬಂದಿದ್ದು ಕೊಟ್ಟೆ. ಇನ್ನೊಬ್ರ ಕೈಗೆ ಗಲೀಜು ಎಂಗೆ ಕೊಡೋದು ಅಂತ."

ಡಾಕ್ಟರ ಮುಖ ಇಳಿದುಹೋಯಿತು. "ಹಂಗಾದ್ರೆ ಆ ರಿಪೋರ್ಟು ಲೆಕ್ಕಕ್ಕಿಲ್ಲ ಅಮ್ಮ, ಕ್ರಿಮಿ ಇರೋದೇ ಆ ಗಂಟಿನಲ್ಲಿ. ಚೀಟಿನೂ ವಾಪಸ್ ತಗೋಬೇಕಾಗುತ್ತೆ."

"ಅದ್ಕೇ ತಂದಿವ್ನಿ. ನಂದು ನಂಬ್ಕಂಡು ನೀವು ಜಹೀರಣ್ಣಂಗೂ ವಾಸಿಯಾಯ್ತದೆ ಅಂತೀರ. ಆಗ್ದೆ ಓದ್ರೆ ಅವ್ರ ಎದೆ ಗತಿ?"

ಚೀಟಿ ಮೇಜಿನ ಮೇಲಿಟ್ಟರು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಚೆನ್ನಾಗಿ ಕೆಮ್ಮಿ, ಡಬ್ಬಿಯನ್ನು ನನ್ನ ಕೈಗಿಟ್ಟರು. ನಾಚಿಕೆಯಿಂದ ಮುಖ ಆ ಕಡೆ ತಿರುಗಿಸಿದ್ದರು. "ತಗೋ ಮಗಾ, ಮೊದಲ್ನೇ ದೋಸೆ."

ಹೊಸ ರಿಪೋರ್ಟು ಬಂತು. ಕ್ರಿಮಿಗಳು ಇದ್ದವು. ಸೇರಿದ ದಿನಕ್ಕಿಂತ ಕಡಿಮೆ, ಆದರೆ ಚೀಟಿ ಕೊಡುವಷ್ಟು ಕಡಿಮೆಯಲ್ಲ. ಡಾಕ್ಟರು ಇದನ್ನು ಹೇಳಲಾರದೆ ಹೇಳಿದರು.

"ಒಂಚೂರಾದ್ರೂ ಲೋಳೆ ಬಿಡ್ತಾ?" ಎಂದು ಮುನಿಕೆಂಪಮ್ಮ ಕೇಳಿದರು.

"ಒಂಚೂರು ಬಿಟ್ಟಂಗಿದೆ ಅಮ್ಮ."

"ಅಂಗಾದ್ರೆ ಅಷ್ಟೇ ಬರ್ಕಳಿ," ಎಂದು ಸೆರಗು ಸರಿಮಾಡಿಕೊಂಡು, ಬರಿಗೈಯಲ್ಲಿ ಯಲಹಂಕದ ಬಸ್ಸು ಹತ್ತಲು ಹೊರಟರು.