ಹಸಿವಿನ ಗುಮಾಸ್ತನ ಸಂಧ್ಯಾವಂದನೆ

ಸರ್ಕಾರ ನನಗೆ ಕೊಟ್ಟಿದ್ದ ಹುದ್ದೆಗೆ ಉರ್ದುವಿನಲ್ಲಿ ಮಾರುದ್ದದ ಹೆಸರಿತ್ತು. ಅಷ್ಟುದ್ದದ್ದನ್ನು ಹೇಳುವ ತ್ರಾಣ ಸೇಡಂ ಕಡೆಯ ಜನರಿಗೆ ಆಗ ಇರಲಿಲ್ಲ. ಅವರು ನನ್ನನ್ನು ‘ಹಸಿವಿನ ಗುಮಾಸ್ತ’ ಎಂದು ಕರೆದು ಮುಗಿಸಿಬಿಟ್ಟರು. ಮೊದಮೊದಲು ಸಿಟ್ಟು ಬರುತ್ತಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವಳು ಈಗಲೂ ಹೇಳುತ್ತಾಳೆ. ಆಮೇಲೆ, ತಹಶೀಲ್ ಕಚೇರಿಯಲ್ಲಿ ಕೂತ ಉಳಿದವರಿಗೆ ಜನ ಇಟ್ಟಿದ್ದ ಹೆಸರುಗಳು ಕಿವಿಗೆ ಬಿದ್ದವು. ನನ್ನದೇ ಎಷ್ಟೋ ವಾಸಿ ಎನ್ನಿಸಿ ಸುಮ್ಮನಾದೆ.

ದೊಡ್ಡ ಯುದ್ಧ ನಡೆದಿದ್ದ ವರ್ಷಗಳವು. ನಿಜಾಮ ಸರ್ಕಾರ ಲೆವಿ ಎಂದು ರೈತರಿಂದ ಜೋಳ ಎತ್ತುತ್ತಿತ್ತು. ಎತ್ತಿದ್ದರಲ್ಲಿ ಒಂದಿಷ್ಟನ್ನು ತೀರ ಗತಿಗೆಟ್ಟ ಮನೆಗಳಿಗೆ ಪುಕ್ಕಟೆ ಹಂಚುತ್ತಿತ್ತು. ಯಾವ ಮನೆ ನಿಜವಾಗಿ ಗತಿಗೆಟ್ಟಿದೆ, ಯಾವುದು ಹಾಗೆ ನಟಿಸುತ್ತಿದೆ ಎಂದು ನೋಡಿ ಬರೆಯುವುದು ನನ್ನ ಕೆಲಸ. ವಾಡಿಯ ರೈಲು ಹಳಿಯ ಪಕ್ಕದ ಗುಡಿಸಲು, ಶಹಾಬಾದಿನ ಕಲ್ಲಿನ ಖಣಿ, ಚಿಂಚೋಳಿಯಾಚೆ ಕುಂಚಾವರಂ ಕಾಡು, ಎಲ್ಲ ಕಡೆ ತಿರುಗಿದ್ದೇನೆ. ಕುಂಚಾವರಂನಲ್ಲಿ ನನ್ನ ಕನ್ನಡ ಅವರಿಗೆ ತಿಳಿಯುತ್ತಿರಲಿಲ್ಲ, ಅವರ ತೆಲುಗು ನನಗೆ ಅರ್ಧ ತಿಳಿಯುತ್ತಿತ್ತು. ಖಾಲಿ ಗಡಿಗೆ ತೋರಿಸಲು ಎರಡೂ ಬೇಕಾಗುತ್ತಿರಲಿಲ್ಲ.

ನಟಿಸುವವರೇನೂ ಕಡಿಮೆ ಇರಲಿಲ್ಲ. ನಾನು ಬರುತ್ತೇನೆಂದರೆ ಕೋಳಿಗಳು ಬುಟ್ಟಿಯಡಿ ಸೇರುತ್ತಿದ್ದವು, ಹರಕು ಸೀರೆಗಳು ಹೊರಗೆ ಬರುತ್ತಿದ್ದವು. ನಾನು ಜನರ ಮುಖ ನೋಡುವ ಮೊದಲು ನಾಯಿಯನ್ನು ನೋಡುತ್ತಿದ್ದೆ. ಉಣ್ಣುವ ಮನೆಯ ಮುಂದೆ ನಾಯಿ ಮಲಗಿರುತ್ತದೆ. ಆ ನಾಯಿಗೆ ತುತ್ತು ಹಾಕಿ ಓಡಿಸಲು ನೋಡಿದರೆ ಇನ್ನೂ ಚೆನ್ನಾಗಿ ಸಿಕ್ಕಿಬೀಳುತ್ತಾರೆ.

ಕಾನೂನು ಎರಡು ಮಾತು ಹೇಳುತ್ತಿತ್ತು. ಒಂದು, ಮನೆ ಬಡವರದೆಂದು ಆ ಊರಿನ ಇಬ್ಬರು ರೈತರು ಚಾವಡಿಯಲ್ಲಿ ಎಲ್ಲರೆದುರು ಹೆಬ್ಬೆಟ್ಟು ಒತ್ತಬೇಕು. ಎರಡು, ಊರಿನಿಂದ ಆಯ ಪಡೆಯುವವರಿಗೆ ಸರ್ಕಾರದ ಜೋಳವಿಲ್ಲ. ಬಡಿಗ, ಕಮ್ಮಾರ, ಅಂಬಿಗ ವರ್ಷವಿಡೀ ಊರಿಗೆ ದುಡಿಯುತ್ತಾರೆ, ಸುಗ್ಗಿಯಲ್ಲಿ ರೈತರು ತಮ್ಮ ರಾಶಿಯಿಂದ ಅವರಿಗೆ ಪಾಲು ಅಳೆಯುತ್ತಾರೆ. ಅದೇ ಆಯ. ಅದಿದ್ದ ಮೇಲೆ ಹಸಿವೆಲ್ಲಿಯದು ಎಂದು ಹೈದರಾಬಾದಿನಲ್ಲಿ ಕೂತ ಯಾರೋ ಬರೆದುಬಿಟ್ಟಿದ್ದರು.

ಆ ಆಶ್ವೀಜದಲ್ಲಿ ಒಂದು ಅರ್ಜಿ ನನ್ನ ಕೈಗೆ ಬಂತು. ಕೊಟ್ಟವನು ಶಹಾಬಾದಿನಲ್ಲಿ ಕಲ್ಲು ಒಡೆಯುವವನು. ಅವನ ತಂಗಿಯನ್ನು ಸೇಡಂ ಮತ್ತು ಚಿತ್ತಾಪುರದ ನಡುವೆ ಕಾಗಿಣಾ ದಂಡೆಯ ಊರಿನ ಅಂಬಿಗರ ಮನೆಗೆ ಕೊಟ್ಟಿದ್ದರು. ಮಳೆಗಾಲದ ಮೊದಲು ಅವಳ ಗಂಡ ವಾಂತಿಭೇದಿಯಲ್ಲಿ ತೀರಿಕೊಂಡ. ಆಮೇಲೆ ಅವಳು ಹೆತ್ತಳು. ಈಗ ಮನೆಯಲ್ಲಿ ಅತ್ತೆ, ಬಾಣಂತಿ ಸೊಸೆ, ಹಸುಗೂಸು. ಸೊಸೆಯ ಎದೆಯಲ್ಲಿ ಹಾಲು ಬತ್ತುತ್ತಿದೆ, ಕೂಸು ಉಳಿಯುವುದು ಕಷ್ಟ ಎಂದು ಅಣ್ಣ ಬರೆಸಿದ್ದ.

ನಾನು ಹೊಳೆಗೆ ಬಂದಾಗ ನನ್ನನ್ನು ದಾಟಿಸಿದವಳು ಆ ಅತ್ತೆಯೇ. ಮಗ ಸತ್ತ ಮೇಲೆ ಹರಗೋಲಿನ ಹುಟ್ಟು ಅವಳ ಕೈಗೆ ಬಂದಿತ್ತು. ಕೆಂಪು ನೀರು ಸುತ್ತಿ ಹರಿಯುತ್ತಿತ್ತು. ನಾನು ಎರಡೂ ಕೈಯಲ್ಲಿ ಅಂಚು ಹಿಡಿದು ಕುಳಿತದ್ದನ್ನು ನೋಡಿ ಅವಳು, “ಸಾಹೇಬ್ರು ಹರಗೋಲ ಹಿಡಕೊಂಡಾರೋ, ಹರಗೋಲ ಸಾಹೇಬ್ರನ್ನ ಹಿಡಕೊಂಡದೋ?” ಎಂದಳು. ಹಸಿದವಳ ಮಾತಿನಂತೆ ಇರಲಿಲ್ಲ. ಆದರೆ ಹುಟ್ಟು ಎತ್ತುವಾಗ ಅವಳ ಮೊಣಕೈಯ ಎಲುಬು ತೊಗಲನ್ನು ಚುಚ್ಚುವಂತೆ ಮೇಲೇಳುತ್ತಿತ್ತು.

ಚಾವಡಿಯಲ್ಲಿ ಗೌಡರೂ ರೈತರೂ ಸೇರಿದ್ದರು. ನಾನು ಅಂಬಿಗರ ಮನೆಯ ಮಾತು ತೆಗೆದದ್ದೇ ತಡ, ಹೊಗಳಿಕೆ ಸುರುವಾಯಿತು.

“ಆ ಮನೀಗೇನ್ ಕಮ್ಮಿ ಅದರಿ. ಎರಡೂ ದಂಡಿ ಕಣದಾಗ ಆಕೀ ಪಾಲದ,” ಎಂದರು ಗೌಡರು.

“ಭಾಳ ಮಾನದ ಮನಿರಿ ಅದು,” ಎಂದು ಇನ್ನೊಬ್ಬ ಮುದುಕ ದನಿಗೂಡಿಸಿದ. “ಒಂದ್ ದಿನಾ ಯಾರ ಬಾಗಿಲಿಗೂ ಬಂದು ನಿಂತಿಲ್ರಿ.”

ಅವಳು ಚಾವಡಿಯ ಕೆಳಗೆ ಸೆರಗು ಹೊದ್ದು ನಿಂತಿದ್ದಳು. ಆಯ ಬಂದಿದೆಯೇ ಎಂದು ನೇರ ಅವಳನ್ನೇ ಕೇಳಿದೆ. “ಊರ ಮಂದಿ ಹೇಳಾಕತ್ತಾರಲ್ರಿ. ಅವ್ರೇನು ಸುಳ್ಳ ಹೇಳ್ತಾರೇನು?” ಎಂದಳು. ಯಾರೂ ಅವಳ ಕಡೆ ನೋಡಲಿಲ್ಲ. ಆಗಲೇ ನನಗೆ ಅನುಮಾನ ಬಂತು.

ಹೊಳೆಯ ದಂಡೆಯ ಅವಳ ಮನೆಗೆ ಹೋದೆ. ಮುಂದೆ ನಾಯಿ ಇರಲಿಲ್ಲ. ಒಳಗೆ ಸೊಸೆ ಗೋಡೆಗೊರಗಿ ಕೂತು ಕೂಸನ್ನು ಎದೆಗಿಟ್ಟುಕೊಂಡಿದ್ದಳು. ಕೂಸು ಚೀಪುತ್ತಿತ್ತು, ಬಿಟ್ಟು ಅಳುತ್ತಿತ್ತು, ಮತ್ತೆ ಚೀಪುತ್ತಿತ್ತು. ಒಲೆಯ ಮೇಲೆ ಹಾದಿಬದಿಯ ತಗಚೆ ಸೊಪ್ಪು ಕುದಿಯುತ್ತಿತ್ತು, ಅದರಲ್ಲಿ ಒಂದು ಕಾಳೂ ಇರಲಿಲ್ಲ. ಮೂಲೆಯ ಬೀಸುವ ಕಲ್ಲಿನ ಮೇಲೆ ಜೇಡ ಬಲೆ ಹೆಣೆದಿತ್ತು. ನನಗೆ ಸಿಟ್ಟು ಬಂತು.

“ಚಾವಡಿಯಲ್ಲಿ ಬಾಯಿ ಬಿಡಲಿಕ್ಕೆ ಏನಾಗಿತ್ತು?” ಎಂದು ಮುದುಕಿಯನ್ನು ಗದರಿದೆ. “ಯಾರ್ಯಾರು ಆಯ ಕೊಟ್ಟಿಲ್ಲ, ಹೆಸರು ಹೇಳು.”

“ಹೆಸರ ಹೇಳಂಗಿಲ್ರಿ,” ಎಂದಳು ಅವಳು, ಗದರಿದ್ದಕ್ಕೆ ಒಂದಿಷ್ಟೂ ಅಂಜದೆ. “ಇವತ್ತ ಹೆಸರ ಹೇಳಿದ್ರ, ನಾಳಿ ಅವ್ರು ನನ್ನ ಹರಗೋಲಿನಾಗ ಹ್ಯಾಂಗ ಕುಂದರಬೇಕು? ನಡು ಹೊಳ್ಯಾಗ ನನ್ನ ಮಾರಿ ಹ್ಯಾಂಗ ನೋಡಬೇಕು? ಅಂಬಿಗರಾಕಿ ಮ್ಯಾಲ ನಂಬಿಗಿ ಇಟ್ಟೇ ಮಂದಿ ನೀರಿಗಿಳೀತಾರ್ರಿ.”

ಅರ್ಜಿಯನ್ನು ಮಡಿಚಿಕೊಂಡು ಹೊರಗೆ ಬಂದೆ. ವಾದದಲ್ಲಿ ಸೋಲುವುದು ನನಗೆ ಹೊಸದು.

ನಾನು ಹನುಮಂತದೇವರ ಗುಡಿಯಲ್ಲಿ ಇಳಿದುಕೊಂಡಿದ್ದೆ. ನಾವು ಆಚಾರದ ವೈಷ್ಣವರು. ಕಂಡವರ ಮನೆಯಲ್ಲಿ ಉಣ್ಣುವುದಿಲ್ಲವಾದ್ದರಿಂದ ಹೋದ ಊರಿನ ಗೌಡರು ಹಿಟ್ಟು, ಬೇಳೆ, ಬೆಲ್ಲದ ಸೀದಾ ಕಳಿಸುತ್ತಾರೆ, ನಾವೇ ಬೇಯಿಸಿಕೊಳ್ಳುತ್ತೇವೆ. ಅಂದೂ ಬಂತು. ಮೂರು ಕಲ್ಲಿನ ಒಲೆ ಹೂಡಿ, ಜೋಳದ ಹಿಟ್ಟಿಗೆ ಬಿಸಿನೀರು ಹಾಕಿದೆ. ಹಬೆಯ ಜೊತೆ ಒಂದು ವಾಸನೆ ಎದ್ದಿತು. ತುಸು ಹುಳಿ, ತುಸು ಮಣ್ಣು. ನಮ್ಮವ್ವ ಹುಟ್ಟಾ ಹಗೇವಿನ ಜೋಳವನ್ನೇ ಬೀಸಿ ನನ್ನನ್ನು ಬೆಳೆಸಿದವಳು. ನೆಲದೊಳಗೆ ತೋಡಿದ ಕಣಜದಲ್ಲಿ ಬಾಯಿ ಮುಚ್ಚಿ ಕೂತ ಜೋಳದ ವಾಸನೆ ನನಗೆ ತಪ್ಪುವ ಮಾತೇ ಇಲ್ಲ.

ಲೆವಿ ಕೊಟ್ಟು ಮನೆಯಲ್ಲಿ ಕಾಳಿಲ್ಲ ಎಂದು ಬರೆದುಕೊಟ್ಟಿದ್ದ ಊರದು. ಅಲ್ಲಿ ಹಗೇವುಗಳು ತುಂಬಿದ್ದವು. ಗೌಡರು ಆದರದಿಂದ, ಇದ್ದುದರಲ್ಲಿ ಒಳ್ಳೆಯ ಹಿಟ್ಟನ್ನೇ ಸರ್ಕಾರಿ ಅತಿಥಿಗೆ ಕಳಿಸಿ ತಮ್ಮ ಬುಡಕ್ಕೆ ತಾವೇ ಕೊಡಲಿ ಹಾಕಿಕೊಂಡಿದ್ದರು. ರೊಟ್ಟಿ ತಟ್ಟುತ್ತ ನಗು ಬಂತು.

ಗೌಡರನ್ನು ಕರೆಸಿದೆ. ಅವರು ಬಂದು ಗುಡಿಯ ಕಟ್ಟೆಯ ಮೇಲೆ ಕೂತರು.

“ಹಿಟ್ಟು ಭಾಳ ರುಚಿ ಅದ ಗೌಡ್ರೆ,” ಎಂದೆ. “ಎಷ್ಟು ವರ್ಷ ನೆಲದಾಗ ಇತ್ತು?”

ಅವರ ಮುಖ ಬಿಳಿಚಿಕೊಂಡಿತು. ಆಮೇಲೆ, ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದುಕೊಂಡು ಹೇಳಿದರು. ಕಮ್ಮಾರ, ಬಡಿಗರ ಆಯ ತಪ್ಪಿರಲಿಲ್ಲ, ಅವರು ಹಿತ್ತಲ ಬಾಗಿಲಿಗೆ ಬಂದು ಸದ್ದಿಲ್ಲದೆ ಒಯ್ದಿದ್ದರು. ಅಂಬಿಗರ ಪದ್ಧತಿ ಬೇರೆ. ಹರಗೋಲು ಬಿಟ್ಟು ಅವರು ಆಯ ಕೇಳಲು ಊರೊಳಗೆ ಬರುವಂತಿಲ್ಲ, ರೈತರೇ ಹೊಳೆಗೆ ಹೊತ್ತು ತಂದು ಅವರ ಮೊರಕ್ಕೆ ಸುರಿಯಬೇಕು.

“ಹೊಳಿ ಅಂದ್ರ ಲೆವಿ ಜವಾನರು ದಿನಾ ದಾಟೂ ಜಾಗಾರಿ. ಅಲ್ಲಿ ಜ್ವಾಳದ ಮೊರ ಹೊತ್ತು ಹ್ಯಾಂಗ ಹೋಗೂದು? ಸುಗ್ಗಿಯಿಂದ ಇವತ್ತ ನಾಳಿ ಅನ್ನಾಕತ್ತಿದ್ವಿ. ಆಕೀನೂ ಕೇಳ್ಲಿಲ್ಲ, ನಾವೂ ಕೊಡಲಿಲ್ಲ. ಈಗ ಚಾವಡ್ಯಾಗ ಕೊಟ್ಟಿಲ್ಲ ಅಂತ ಯಾವ ಬಾಯಿಲೆ ಅನ್ನೂದ್ರಿ?” ಎಂದರು ಗೌಡರು, ತಲೆ ತಗ್ಗಿಸಿ.

ನನ್ನ ಮುಂದೆ ಎರಡೇ ದಾರಿ ಕಾಣುತ್ತಿದ್ದವು. ಹಗೇವಿನ ಸುದ್ದಿ ತಹಶೀಲಿಗೆ ಮುಟ್ಟಿಸಿದರೆ ಜವಾನರು ಬಂದು ನೆಲವನ್ನೆಲ್ಲ ಅಗೆದು ಒಯ್ಯುತ್ತಾರೆ. ಆಗ ಇಡೀ ಊರು ತಗಚೆ ಸೊಪ್ಪು ಕುದಿಸಬೇಕು. ಸುಮ್ಮನೆ ಹೆಬ್ಬೆಟ್ಟು ಒತ್ತಿಸಿ ಅರ್ಜಿ ಕಳಿಸಿದರೆ ಮಂಜೂರಾಗಿ ಜೋಳ ಬರುವ ಹೊತ್ತಿಗೆ ದೀಪಾವಳಿ ಕಳೆದಿರುತ್ತದೆ. ಕೂಸಿಗೆ ಅಷ್ಟು ದಿನ ಇರಲಿಲ್ಲ. ಅದರ ಅಳು ಆಗಲೇ ಕಿರಿದಾಗಿತ್ತು.

“ನೋಡ್ರಿ ಗೌಡ್ರೆ,” ಎಂದೆ. “ನಾ ಹಸಿವಿನ ಗುಮಾಸ್ತ. ಲೆವಿ ನನ್ನ ಕೆಲಸ ಅಲ್ಲ. ನಾಳಿ ಮುಂಜಾನಿ ಹೊಳಿ ದಂಡಿಮ್ಯಾಲ ಸಂಧ್ಯಾವಂದನಿಗೆ ಕೂಡ್ತೀನಿ. ನಂದು ಭಾಳ ಉದ್ದದ ಸಂಧ್ಯಾವಂದನಿ. ನಾ ಕಣ್ಣ ತೆರಿಯೂತನಕಾ ಸರ್ಕಾರಕ್ಕ ಕಣ್ಣಿಲ್ಲ. ತೆರದ ಮ್ಯಾಲ ಆ ಮುದುಕಿ ಬಾಗಿಲದಾಗ ಏನ ಕಾಣ್ತದ, ಅದನ್ನ ಬರೀತೀನಿ.”

ಗೌಡರು ನನ್ನನ್ನು ದಿಟ್ಟಿಸಿ ನೋಡಿದರು. ಎದ್ದು ಚಪ್ಪಲಿ ಮೆಟ್ಟಿ ಹೋದರು.

ಬೆಳಿಗ್ಗೆ ಮಿಂದು, ಮಡಿ ಉಟ್ಟು, ಅವಳ ಮನೆಗೆ ಬೆನ್ನು ಹಾಕಿ ಪೂರ್ವಕ್ಕೆ ಮುಖಮಾಡಿ ಕುಳಿತೆ. ಆಚಮನ ಮಾಡಿದೆ, ಅರ್ಘ್ಯ ಕೊಟ್ಟೆ, ಕಣ್ಣು ಮುಚ್ಚಿ ಗಾಯತ್ರಿಗೆ ತೊಡಗಿದೆ. ದೇವರು ಕ್ಷಮಿಸಲಿ, ನನ್ನ ಜೀವಮಾನದಲ್ಲಿ ಇಷ್ಟು ಗಮನವಿಟ್ಟು ಜಪ ಮಾಡಿದ್ದಿಲ್ಲ, ಆ ಗಮನವೆಲ್ಲ ಕಿವಿಯಲ್ಲಿತ್ತು. ನೀರಿನ ಸದ್ದು, ಮಿಂಚುಳ್ಳಿಯ ಕೂಗು, ಹಿಂದಿನಿಂದ ಕೂಸಿನ ಆ ಸಣ್ಣ ಅಳು. ಬೇರೇನೂ ಇಲ್ಲ. ಬಿಸಿಲು ಏರಿ ನೆತ್ತಿ ಕಾಯತೊಡಗಿತು. ಕಾಲು ಜೋಮು ಹಿಡಿಯಿತು. ಸಂಧ್ಯಾವಂದನೆ ಮುಗಿದೇ ಹೋಯಿತು. ಮತ್ತೆ ಮೊದಲಿನಿಂದ ಸುರುಮಾಡಿದೆ. ಅವರು ಬರುವುದಿಲ್ಲ, ನನ್ನ ಜಾಣತನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎನ್ನಿಸಿತು. ಕೂಸನ್ನು ನೆನೆದು ನಿಜವಾಗಿ ಹೆದರಿದೆ. ಜಪದ ನಡುವೆ ದೇವರನ್ನು ಬೈದೆನೋ ಬೇಡಿದೆನೋ, ಈಗ ನೆನಪಿಲ್ಲ.

ಆಗ ಕಲ್ಲುಗಳ ಮೇಲೆ ಚಪ್ಪಲಿಯ ಸದ್ದಾಯಿತು. ನನ್ನ ಬೆನ್ನ ಹತ್ತಿರ ಬಂದು ಒಂದು ಕ್ಷಣ ತಡೆದು, ಮುಂದೆ ಹೋಯಿತು. ಅದರ ಹಿಂದೆ ಗಾಳಿಯಲ್ಲಿ ಆ ಹುಳಿ ಮಣ್ಣಿನ ವಾಸನೆ ಬಂತು. ಮೊರಕ್ಕೆ ಕಾಳು ಸುರಿಯಿತು.

“ಹುಲುಸಾಗ್ಲಿ. ನಿಮ್ಮ ಕಣ ಹುಲುಸಾಗ್ಲಿ,” ಎಂದಳು ಮುದುಕಿ. ಆಯ ಪಡೆದವರು ಕೊಟ್ಟವರಿಗೆ ಹೇಳುವ ಮಾತದು. ಅವಳ ದನಿ ನೆಟ್ಟಗಿತ್ತು, ಯಾವಾಗಲೂ ಸುಗ್ಗಿಯಲ್ಲಿ ಹೇಳುವಂತೆಯೇ ಹೇಳಿದಳು.

ಮತ್ತೊಂದು ಹೆಜ್ಜೆ ಬಂತು. ಆಮೇಲೆ ಹಲವು. ಯಾರೋ ಮುದುಕ ಕೆಮ್ಮಿದ, ಯಾರದೋ ಬಳೆ ಸದ್ದಾಯಿತು. ಪ್ರತಿ ಸಲವೂ ‘ಹುಲುಸಾಗ್ಲಿ’ ಕೇಳುತ್ತಿತ್ತು. ಬರಬರುತ್ತ ಆ ದನಿ ನಡುಗತೊಡಗಿತು, ಆಮೇಲೆ ಅರ್ಧಕ್ಕೇ ನಿಲ್ಲತೊಡಗಿತು. ಮುಚ್ಚಿದ ನನ್ನ ಕಣ್ಣಲ್ಲೂ ನೀರು ಇಳಿಯುತ್ತಿತ್ತು. ಮಡಿಯ ಪಂಚೆಯಲ್ಲಿ ಒರೆಸಿಕೊಂಡೆ. ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ.

ಎಲ್ಲ ಸದ್ದು ನಿಂತು ಬಹಳ ಹೊತ್ತಾದ ಮೇಲೆ ಕಣ್ಣು ತೆರೆದೆ. ದಂಡೆಯಲ್ಲಿ ಯಾರೂ ಇರಲಿಲ್ಲ. ಅವಳ ಬಾಗಿಲಲ್ಲಿ ಗುಡಾರದ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಜೋಳದ ರಾಶಿ ಮಾಡಿದ್ದರು. ಪಕ್ಕದಲ್ಲಿ ಯಾರೋ ಒಂದು ತಂಬಿಗೆ ಹಾಲನ್ನೂ ಇಟ್ಟು ಹೋಗಿದ್ದರು. ಹಾಲಿನ ಆಯ ಯಾವ ಪದ್ಧತಿಯಲ್ಲೂ ಇಲ್ಲ. ಅದನ್ನು ನಾನು ಬರೆಯಲಿಲ್ಲ.

ಅವಳೇ ನನ್ನನ್ನು ಮರಳಿ ದಾಟಿಸಿದಳು. ನಡು ಹೊಳೆಗೆ ಬಂದಾಗ ಹುಟ್ಟು ನಿಲ್ಲಿಸಿ ಕೇಳಿದಳು, “ಸಾಹೇಬ್ರ, ನಮ್ಮ ಅರ್ಜಿಮ್ಯಾಲ ಏನಂತ ಬರದ್ರಿ?”

ನನಗೆ ತುಸು ಮುಜುಗರವಾಯಿತು. ಕಾಗದ ತೆಗೆದು ಉರ್ದುವಿನಲ್ಲಿದ್ದುದನ್ನು ಕನ್ನಡಕ್ಕೆ ತಿರುಗಿಸಿ ಓದಿದೆ. ಈ ಮನೆಗೆ ಊರಿನ ಆಯ ಸಲ್ಲುತ್ತದೆ, ಸಂದಿದ್ದನ್ನು ಕಣ್ಣಾರೆ ನೋಡಿದ್ದೇನೆ, ಆದ್ದರಿಂದ ಸರ್ಕಾರದ ಧರ್ಮಕ್ಕೆ ಅರ್ಹರಲ್ಲ, ಅರ್ಜಿ ವಜಾ.

“ಇನ್ನೊಮ್ಮಿ ಓದ್ರಿ.”

ಓದಿದೆ. ಹರಗೋಲು ತನ್ನಷ್ಟಕ್ಕೆ ಸುತ್ತುತ್ತಿತ್ತು. ಈ ಸಲ ನಾನು ಅಂಚು ಹಿಡಿದಿರಲಿಲ್ಲ. ನಾನು ಅದೆಷ್ಟೋ ಮನೆಗಳಿಗೆ ಇಲ್ಲ ಎಂದು ಬರೆದಿದ್ದೇನೆ. ಅತ್ತವರಿದ್ದಾರೆ, ಶಾಪ ಹಾಕಿದವರಿದ್ದಾರೆ, ಮಣ್ಣು ತೂರಿದವರಿದ್ದಾರೆ. ಹಲ್ಲಿಲ್ಲದ ಬಾಯಿ ತುಂಬ ನಕ್ಕವಳು ಇವಳೊಬ್ಬಳೇ. ಅವಳು ಹುಟ್ಟಿನ ಮೇಲೆ ಎರಡೂ ಕೈ ಊರಿ, ಮನೆಯ ಕಡೆ ತಿರುಗಿ, ಎರಡೂ ದಂಡೆಗೆ ಕೇಳುವಂತೆ ಸೊಸೆಗೆ ಕೂಗಿ ಹೇಳಿದಳು.

“ಏ ತಂಗೀ, ಕೇಳಿದೇನು. ನಮಗ ಸರ್ಕಾರದ ಜ್ವಾಳ ಕೊಡಂಗಿಲ್ಲಂತ. ನಾವು ಆಯದ ಮಂದಿ ಅಂತ ಬರದಾರ.”

ಸೊಸೆ ಏನೋ ಉತ್ತರ ಕೊಟ್ಟಳು. ಅವಳು ಆಗಲೇ ಬೀಸಲು ಕೂತಿದ್ದಳು, ಕಲ್ಲಿನ ಸದ್ದಿನಲ್ಲಿ ಅದು ನಮಗೆ ಕೇಳಿಸಲಿಲ್ಲ.