ಇಪ್ಪತ್ತಮೂರು ಬುಟ್ಟಿಗಳ ಸುಮಿಯೆ

ಬೆಳಗಿನ ಐದೂವರೆ. ಅಕಾಬೊರಿ ಸುಮಿಯೆ ಕಸ ವಿಂಗಡಿಸುವ ಶೆಡ್ಡಿನ ತಗಡಿನ ಬಾಗಿಲು ಸರಿಸುತ್ತಾರೆ, ಕಾಗೆ ಬಾರದಂತೆ ಹೊದಿಸಿದ್ದ ಹಸಿರು ಬಲೆ ಮಡಚುತ್ತಾರೆ, ಸಾಲಾಗಿ ಇಪ್ಪತ್ತಮೂರು ಬುಟ್ಟಿ ಇಡುತ್ತಾರೆ. ಬಿಳಿ ಬಾಟಲಿಗೊಂದು, ಕಂದು ಬಾಟಲಿಗೊಂದು, ಮುಚ್ಚಳಕ್ಕೊಂದು, ಬಿಚ್ಚಿ ತೊಳೆದು ಒಣಗಿಸಿದ ಹಾಲಿನ ರಟ್ಟಿನ ಡಬ್ಬಿಗೊಂದು. ಇವತ್ತು ಬುಟ್ಟಿ ಸಾಲುವುದಿಲ್ಲ. ಹೊರಗೆ ಆಗಲೇ ಕೈಗಾಡಿಗಳು ನಿಂತಿವೆ.

ಎಲ್ಲರಿಗಿಂತ ಮುಂದೆ ಎಂಬತ್ತನಾಲ್ಕರ ಕುವಾಬಾರಾ ಅಜ್ಜ. "ಸುಮಿ-ಚಾನ್, ಹದಿನೈದು ದಿನದ್ದು. ಬಚ್ಚಲಲ್ಲಿ ಪೇರಿಸಿಟ್ಟಿದ್ದೆ. ಸ್ನಾನಕ್ಕೆ ಮಗಳ ಮನೆಗೆ ಹೋಗೋ ಹಾಗಾಯ್ತು."

"ಮುಚ್ಚಳ ಬೇರೆ ಮಾಡಿದ್ದೀರಾ?"

"ಮಾಡದೆ ಬಂದ್ರೆ ನೀನು ಒಳಗೆ ಬಿಡ್ತೀಯಾ?"

ಸುಮಿಯೆಗೆ ಅರವತ್ತೆಂಟು. ಮೂವತ್ತೊಂದನೇ ವಯಸ್ಸಿನಲ್ಲಿ ಈ ಕೆಲಸಕ್ಕೆ ಸೇರಿದಾಗ ಜಪಾನಿನ ಈ ಪುಟ್ಟ ಊರು ಇಸೋದಾನಿಗೆ ಅದರದೇ ಪುರಸಭೆಯಿತ್ತು. ಕಸ ಸುಡುವ ಕುಲುಮೆ ಕಟ್ಟಿಸಲು ತಾಕತ್ತಿರಲಿಲ್ಲ. ಹಾಗಾಗಿ ಬಿಡಿಸಿ, ತೊಳೆದು, ಮಾರುವುದೊಂದೇ ದಾರಿ. ಮನೆಮನೆಗೆ ಹೋಗಿ ಕಲಿಸಿದವರು ಸುಮಿಯೆ. ಬಾಗಿಲು ಹಾಕಿಕೊಂಡವರೇ ಹೆಚ್ಚು. "ಎಲ್ಲರೂ ಒಪ್ಪಿದ ಮೇಲೂ ಒಬ್ಬರು ಉಳಿದಿದ್ರು. ನಮ್ಮ ಮನೆಯವರು," ಎನ್ನುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಇಸೋದಾನಿಯನ್ನು ಪಕ್ಕದ ಹಮಾಜಿ ನಗರದೊಳಗೆ ಸೇರಿಸಿದರು. ಹಮಾಜಿಗೆ ದೊಡ್ಡ ಕುಲುಮೆಯಿದೆ; ಅಲ್ಲಿ ಕಸದಲ್ಲಿ ಎರಡೇ ಜಾತಿ, ಸುಡುವುದು ಮತ್ತು ಸುಡದಿರುವುದು. ಕಳೆದ ತಿಂಗಳ ಕೊನೆಯಲ್ಲಿ ನಗರಸಭೆ ಇಲ್ಲೂ ಅದನ್ನೇ ಪ್ರಯೋಗ ಮಾಡಿತು. ಹದಿನೈದು ದಿನ ಶೆಡ್ಡಿಗೆ ಬೀಗ; ಮತ್ತೆ ತೆಗೆದದ್ದು ಇವತ್ತೇ. ಎಲ್ಲವನ್ನೂ ಹಳದಿ ಚೀಲಕ್ಕೆ ತುಂಬಿ, ಮೇಲೆ ಮನೆಯ ಹೆಸರು ಬರೆದು, ಬೀದಿಯಲ್ಲಿಡಬೇಕು.

ಇನ್ನೂರ ಹನ್ನೆರಡು ಮನೆಗಳಲ್ಲಿ, ಹೊಸದಾಗಿ ಬಂದ ಆರೇಳು ಬಾಡಿಗೆದಾರರನ್ನು ಬಿಟ್ಟರೆ, ಯಾರೂ ಚೀಲ ಇಡಲಿಲ್ಲ. ತಮ್ಮ ಹೆಸರಿನ ಚೀಲದಲ್ಲಿ ಸೋಯಾ ಬಾಟಲಿಯನ್ನೂ ಮೀನಿನ ಮುಳ್ಳನ್ನೂ ಒಟ್ಟಿಗೆ ಕಲಸಿ ನಾಲ್ಕು ಜನರೆದುರು ಇಡುವುದು ನಾಚಿಕೆಗೇಡು. ನಗರಸಭೆಗೆ ಹೋಗಿ ಜಗಳವಾಡುವುದು ಅದಕ್ಕಿಂತ ನಾಚಿಕೆಗೇಡು. ಎಲ್ಲರೂ ಮಾತಿಲ್ಲದೆ ಕಸವನ್ನು ಮನೆಯೊಳಗೇ ಇಟ್ಟುಕೊಂಡರು. ಲಾರಿ ಖಾಲಿ ಬಂತು, ಹೆಚ್ಚುಕಡಿಮೆ ಖಾಲಿಯೇ ಹೋಯಿತು. ನಗರಸಭೆ ವರದಿ ಬರೆಯಿತು: ಇಸೋದಾನಿಯಲ್ಲಿ ಕಸ ಶೇಕಡಾ ತೊಂಬತ್ತಕ್ಕಿಂತ ಹೆಚ್ಚು ಇಳಿದಿದೆ, ಪ್ರಯೋಗ ಭಾರೀ ಯಶಸ್ವಿ, ಮಾರ್ಚ್ ಮೂವತ್ತೊಂದಕ್ಕೆ ಶೆಡ್ಡು ಮುಚ್ಚತಕ್ಕದ್ದು.

ಏಳು ಗಂಟೆಗೆ ಆ ನೋಟೀಸು ಅಂಟಿಸಲು ನಗರಸಭೆಯ ಗುಮಾಸ್ತ ಹಿರಾತ್ಸುಕಾ ಬರುತ್ತಾರೆ. ಕೈಗಾಡಿಗಳ ಸಾಲು ನೋಡಿ ನಿಂತುಬಿಡುತ್ತಾರೆ.

"ಅಕಾಬೊರಿ-ಸಾನ್, ಇದೆಲ್ಲ ಎಲ್ಲಿಂದ ಬಂತು?"

"ಇಳೀತಲ್ಲ ತೊಂಬತ್ತು ಭಾಗ, ಅದೇ. ಬನ್ನಿ, ಬೇಕಾದ್ರೆ ತೂಕ ಹಾಕಿ."

"ವರದಿಗೆ ಮುಖ್ಯಸ್ಥರ ಮೊಹರು ಬಿದ್ದಾಗಿದೆ."

"ತಿದ್ದೋಕಾಗಲ್ವಾ?"

"ಮುಖ್ಯಸ್ಥರಿಗೆ ವರ್ಗವಾಗಿದೆ. ನಾನೂ ಏಪ್ರಿಲ್ ಒಂದರಿಂದ ನೀರು ಸರಬರಾಜಿಗೆ." ಹಿರಾತ್ಸುಕಾ ಸೊಂಟ ಬಾಗಿಸಿ ಕ್ಷಮೆ ಕೇಳುತ್ತಾರೆ. ನೋಟೀಸನ್ನು ಮಾತ್ರ ಸೊಟ್ಟಗಾಗದಂತೆ ಅಂಟಿಸುತ್ತಾರೆ.

ಕಾರು ಮರೆಯಾದ ಮೇಲೆ ಸುಮಿಯೆ ಉಸಿರು ಬಿಡುತ್ತಾರೆ. "ಮೂರು ವರ್ಷಕ್ಕೊಬ್ಬರು ಬರ್ತಾರೆ. ಬಾಗ್ತಾರೆ, ಬರ್ಕೋತಾರೆ. ಕಂದು ಬಾಟ್ಲಿ, ಹಸಿರು ಬಾಟ್ಲಿ ಯಾಕೆ ಬೇರೆ ಅಂತ ತಲೆಗೆ ಹೋಗೋ ಹೊತ್ತಿಗೆ ಎತ್ತಂಗಡಿ. ಇವರು ಆರನೆಯವರು. ಒಳ್ಳೆಯವರೇ. ಆರೂ ಜನ ಒಳ್ಳೆಯವರೇ. ಬಯ್ಯೋಕೂ ಒಬ್ಬ ಸಿಗಲ್ಲ."

ಕನ್ನಡಕ ಮರೆತು ಬಂದಿರುವ ಅಜ್ಜ ನೋಟೀಸಿಗೆ ಮೂಗು ತಾಗಿಸಿ ನಿಂತಿದ್ದಾರೆ. "ಏನಂತೆ?"

"ತಿಂಗಳ ಕೊನೆಗೆ ಮುಚ್ತಾರಂತೆ."

"ಆಮೇಲೆ ನಾನೆಲ್ಲಿಗೆ ತರಲಿ?"

"ನಮ್ಮ ಕಾರ್ ಶೆಡ್ಡಿಗೆ ತನ್ನಿ. ಕಾರು ಹೊರಗೆ ನಿಲ್ಲುತ್ತೆ."

ಅಜ್ಜ ತಲೆಯಾಡಿಸಿ ತಮ್ಮ ಹಾಲಿನ ಡಬ್ಬಿಗಳನ್ನು ಒಂದೊಂದಾಗಿ ಬುಟ್ಟಿಗೆ ಇಳಿಸುತ್ತಾರೆ. ಸುಮಿಯೆ ಕೈಗವಸು ಮತ್ತೆ ಏರಿಸಿಕೊಳ್ಳುತ್ತಾರೆ.

"ಪುರಸಭೆ ಕೇಳಿದ್ರು, ಕೊಟ್ವಿ. ಊರಿನ ಹೆಸರು ಕೇಳಿದ್ರು, ಅದನ್ನೂ ಕೊಟ್ವಿ," ಎನ್ನುತ್ತಾರೆ. "ಕಸ ಮಾತ್ರ ಕಲಸಿ ಕೊಡಲ್ಲ."